ತಾಂಬೂಲದಲ್ಲಿ ಹೋದ ಟೋಕನ್

ನಮ್ಮಕ್ಕ ಕಲ್ಲಮ್ಮ ಗುಬ್ಬಿಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಅಂಗಡಿಯಿಲ್ಲ, ಬೋರ್ಡಿಲ್ಲ. ಗಂಡನ ಅಣ್ಣನ ಮನೆಯ ಪಡಸಾಲೆಯಲ್ಲಿ ಬೀದಿ ಕಡೆಯ ಕಿಟಕಿಗೆ ಒತ್ತಿಕೊಂಡು ಒಂದು ಮಿಷನ್ನು, ಪಕ್ಕದಲ್ಲಿ ಒಂದು ಸ್ಟೂಲು, ಅಷ್ಟೇ. ಹಬ್ಬ ಹತ್ತಿರ ಬಂತೆಂದರೆ ಹೆಂಗಸರು ಆ ಕಿಟಕಿಯ ಸರಳು ಹಿಡಿದು ನಿಂತು, "ಕಲ್ಲಕ್ಕ, ನಂದು ಆಯ್ತಾ?" ಎಂದು ಪ್ರಾಣ ತಿನ್ನುತ್ತಿದ್ದರು. ಅವಳು ತಲೆಯೆತ್ತದೆ, "ಹಳೇ ಅಳತೆನೇ ಸಾಕಾ, ಇಲ್ಲಾ ಮದ್ವೆಮನೆ ಊಟ ಜಾಸ್ತಿ ಆಯ್ತಾ?" ಎಂದು ಕೇಳಿ ಬೀದಿಯನ್ನೇ ನಗಿಸುತ್ತಿದ್ದಳು. ಲೈನಿಂಗ್ ಬಟ್ಟೆಯಲ್ಲಿ ಮಾತ್ರ ಮಹಾ ಜುಗ್ಗಿ. ತುಂಡು ಉಳಿಸಿ ಉಳಿಸಿ ಅದರಲ್ಲೇ ಮನೆಯ ದಿಂಬುಗಳಿಗೆಲ್ಲ ಕವರು ಹೊಲಿದಿದ್ದಳು.

ನಾನು ಅವಳ ತಂಗಿ ಸುಮನಾ. ತುಮಕೂರಿನ ಶಿರಾ ಗೇಟ್ ಹತ್ತಿರ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ರವಿಕೆ ಪೀಸು, ಲೈನಿಂಗು, ಫಾಲ್ಸು ಮಾರುತ್ತೇನೆ. ನನ್ನ ಬಾಯಿ ಜೋರು ಎಂದು ಗಿರಾಕಿಗಳೇ ಹೇಳುತ್ತಾರೆ. ಇದನ್ನು ಬರೆಯಲೇ ಎಂದು ಅಕ್ಕನ ಮಗಳು ಮಾಲಿನಿಯನ್ನು ಕೇಳಿದೆ. "ಬರಿ ಚಿಕ್ಕಮ್ಮ, ನಮ್ಮನೇಲಿ ಯಾರೂ ಓದಲ್ಲ" ಎಂದಳು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮಾಲಿನಿ ಎದೆಹಾಲು ಕುಡಿಯುತ್ತಿದ್ದಾಗಲೇ ಅವಳ ಅಪ್ಪ ಚನ್ನೇಶ್ ಕಾಮಾಲೆಯಾಗಿ ಹೋದ. ಅಲ್ಲಿಂದ ಮುಂದೆ ತಾಯಿ ಮಗಳಿಬ್ಬರೂ ಇದ್ದದ್ದು ಚನ್ನೇಶನ ಅಣ್ಣ ಚನ್ನವೀರಯ್ಯನ ನೆರಳಿನಲ್ಲಿ. ಎದುರಿಗೆ ನಾನೂ 'ಭಾವಾರು' ಎಂದೇ ಕರೆಯುತ್ತೇನೆ. ಬರೆಯಲು ಕೂತರೆ ಆ ಮರ್ಯಾದೆ ಕೈಯಿಂದ ಇಳಿಯುತ್ತಿಲ್ಲ, ಏನು ಮಾಡಲಿ? ತೆಂಗಿನಕಾಯಿ ವ್ಯಾಪಾರದಲ್ಲಿ ಚೆನ್ನಾಗಿಯೇ ದುಡಿದವನು, ನಮ್ಮ ಮಠದ ಸಮುದಾಯ ಭವನದ ಕಮಿಟಿಯಲ್ಲಿ ದೊಡ್ಡ ಮನುಷ್ಯ. ಅಕ್ಕನಿಗೆ ಅನ್ನ ಹಾಕಿದ, ತಲೆಯ ಮೇಲೊಂದು ಸೂರು ಕೊಟ್ಟ, ಅದನ್ನು ಇಲ್ಲವೆಂದರೆ ನನ್ನ ನಾಲಿಗೆ ಬಿದ್ದು ಹೋಗಲಿ. ಆದರೆ ಏನನ್ನು ಕೊಟ್ಟರೂ ನಾಲ್ಕು ಜನರ ಎದುರಿಗೆ ಕೊಟ್ಟರಷ್ಟೇ ಅವನಿಗೆ ಕೊಟ್ಟ ತೃಪ್ತಿ. ಈ ಚಾಳಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೊರೊನಾ ಬಂದ ಮೊದಲ ವರ್ಷ, ಗೌರಿ ಹಬ್ಬದ ಮುಂಚೆ, ಅಕ್ಕನಿಗೆ ತನ್ನ ರವಿಕೆ ಎಡಗಡೆ ಸರಿಯಾಗಿ ಕೂರುತ್ತಿಲ್ಲ ಅನ್ನಿಸಿತಂತೆ. ಬೇರೆ ಯಾರಾದರೂ ಆಗಿದ್ದರೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನಮ್ಮಕ್ಕ ರವಿಕೆಯನ್ನು ಮುಟ್ಟಿ ನೋಡಿದಳು. ಹೊಲಿಗೆ ಬಿಚ್ಚಿ ಎಡಗಡೆ ಸ್ವಲ್ಪ ಸಡಿಲ ಮಾಡಿಕೊಂಡಳು. ಒಂದಷ್ಟು ದಿನ ಬಿಟ್ಟು ಇನ್ನೊಂದು ಸಲ ಸಡಿಲ ಮಾಡಿಕೊಂಡಳು. ಬಟ್ಟೆಯದೇ ತಪ್ಪು ಎಂದುಕೊಂಡು ನನಗೆ ಫೋನ್ ಮಾಡಿ, "ನೀನ್ ಕೊಟ್ಟಿದ್ ಪೀಸು ಮುದುರ್ಕಂತದೆ ಕಣೇ" ಎಂದು ಬೈದಳು ಕೂಡ. ನಾನು ಗುಬ್ಬಿಗೆ ಹೋಗಿ, ಅವಳು ಬೇಡ ಬೇಡ ಎಂದರೂ ಕೈಯಿಟ್ಟು ನೋಡಿದಾಗ ಗಂಟು ನಿಂಬೆಹಣ್ಣಿನಷ್ಟಾಗಿತ್ತು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಎಡ ಎದೆ ತೆಗೆದರು. ಕಂಕುಳ ಗಂಟುಗಳನ್ನೂ ತೆಗೆದರು. ಆಮೇಲೆ ಕೀಮೋ. ಅಷ್ಟೂ ಕಾಲ ಅಕ್ಕ ತುಮಕೂರಿನ ನನ್ನ ಮನೆಯಲ್ಲೇ ಇದ್ದಳು. ಗುಬ್ಬಿಯಲ್ಲಿ ಯಾರಾದರೂ ಕೇಳಿದರೆ ಭಾವ ಹೇಳುತ್ತಿದ್ದದ್ದು ಒಂದೇ ಮಾತು: "ಸುಮನಾ ಅಂಗ್ಡೀಲಿ ಸೀಸನ್ನು. ಕೈ ಸಾಲ್ತಿಲ್ಲ ಅಂತ ಕರಸ್ಕಂಡವ್ಳೆ." ಕೊರೊನಾ ಹೊಡೆತಕ್ಕೆ ನೊಣ ಹೊಡೆಯುತ್ತಿದ್ದ ನನ್ನ ಅಂಗಡಿಗೆ ಯಾವ ಸೀಸನ್ನೋ, ಕೇಳಿದವರೂ ಯೋಚಿಸಲಿಲ್ಲ.

ಯಾಕೆ ಮುಚ್ಚಿಟ್ಟಿರಿ ಎಂದು ಕೇಳುವವರು ಗಂಡು ನೋಡಲು ಹೊರಟಿಲ್ಲದವರು. ಮಾಲಿನಿ ಬಿ.ಎಡ್. ಮುಗಿಸಿ ಮನೆಯಲ್ಲಿದ್ದಳು. ಹಿಂದಿನ ವರ್ಷ ಒಂದು ಸಂಬಂಧ ಎಲ್ಲಾ ಒಪ್ಪಿಗೆಯಾಗಿ ಕೊನೆಗೆ ಮುರಿದಿತ್ತು. "ಅಪ್ಪ ಚಿಕ್ಕ ವಯಸ್ಸಿಗೇ ಹೋದ್ನಂತೆ, ಅದೇನ್ ಕಾಯ್ಲೆನೋ" ಎಂದು ಅವರ ಕಡೆ ಯಾರೋ ಗುಸುಗುಸು ಅಂದಿದ್ದಷ್ಟೇ ಕಾರಣ. ಕಾಮಾಲೆಗೇ ಹಾಗಾದರೆ ಕ್ಯಾನ್ಸರ್ ಎಂದರೆ? ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ, ರಕ್ತದಲ್ಲೇ ಇದೆ ಅನ್ನುತ್ತಾರೆ. ಅಕ್ಕ ನನ್ನ ಕೈಹಿಡಿದು, "ಅವಳ ಮದ್ವೆ ಆಗೋವರ್ಗೂ ಬಾಯಿ ಬಿಡಬ್ಯಾಡ ಕಣೇ ಸುಮಿ, ನನ್ನಾಣೆ" ಎಂದಳು.

ಕೀಮೋ ಮುಗಿಸಿ ಗುಬ್ಬಿಗೆ ವಾಪಸ್ ಹೋದ ಮೇಲೆ ಮುಚ್ಚಿಡುವುದರಲ್ಲಿ ಅವಳ ಕೈಚಳಕ ನೋಡಬೇಕಿತ್ತು. ಹಳೇ ಹತ್ತಿಬಟ್ಟೆಯ ಒಂದು ಚಿಕ್ಕ ದಿಂಬು ಹೊಲಿದು, ತೂಕ ಸರಿಯಾಗಿ ಕೂರಲಿ ಎಂದು ಅದರೊಳಗೆ ಒಂದು ಹಿಡಿ ಸಾಸಿವೆ ತುಂಬಿ, ರವಿಕೆಯ ಎಡಭಾಗಕ್ಕೆ ಒಳಗಿನಿಂದ ಹೊಲಿದುಕೊಂಡಳು. ಎಡಗೈ ಊದಿಕೊಂಡಿತ್ತು, ಅದಕ್ಕೆ ಮೊಣಕೈವರೆಗೆ ತೋಳು. "ಹೊಸ ಫ್ಯಾಷನ್ನಾ ಕಲ್ಲಕ್ಕ?" ಎಂದು ಕೇಳಿ ಇಬ್ಬರು ಮೂವರು ಹಾಗೆಯೇ ಹೊಲಿಸಿಕೊಂಡರು! ಕೂದಲು ಉದುರಿದ್ದಕ್ಕೆ, ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದೆ ಎಂದು ಹೇಳಿದಳು. ಬೀದಿಯ ಮುದುಕಿಯರು ಭಕ್ತಿಯಿಂದ ಅವಳಿಗೇ ಕೈಮುಗಿದರು. ರಾತ್ರಿ ನನ್ನೊಂದಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿ ನಗುತ್ತಿದ್ದಳು. ನಗುತ್ತಾ ನಗುತ್ತಾ ಒಂದು ಸಲ, "ಎಡಗೈಲಿ ಲಿಂಗ ಹಿಡ್ಕಂಡ್ ಪೂಜೆ ಮುಗಿಸಾಕಾಯ್ತಿಲ್ಲ ಕಣೇ, ಕೈ ಜೋತಾಡ್ತದೆ" ಎಂದು ಅತ್ತುಬಿಟ್ಟಳು.

ಮಾರ್ಚಿನಲ್ಲಿ ತೋರಿಸಲು ಹೋದಾಗ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದರು: "ಲಸಿಕೆ ಬಂದಿದೆ, ಹಾಕಿಸ್ಕೊಳ್ಳಿ. ಎಡಗೈಗೆ ಬೇಡ, ಬಲಗೈಗೆ. ತಡ ಮಾಡಬೇಡಿ ಕಲ್ಲಮ್ಮ, ನಿಮ್ಮ ಮೈಯಲ್ಲಿ ಈಗ ಶಕ್ತಿ ಇಲ್ಲ, ಕೊರೊನಾ ಬಂದರೆ ತಡ್ಕೊಳ್ಳೋದು ಕಷ್ಟ." ಆಗ ಅರವತ್ತು ದಾಟದವರಿಗೆ ಲಸಿಕೆ ಬೇಕೆಂದರೆ ಇಂಥಾ ಕಾಯಿಲೆ ಇದೆ ಎಂದು ತೋರಿಸಬೇಕಿತ್ತು. ಅಕ್ಕನಿಗೆ ಐವತ್ತು ದಾಟಿತ್ತಷ್ಟೇ. ನಾನು ಕೇಳಿದ್ದಕ್ಕೆ ಭಾವ ಸಿಡಿದ: "ಗುಬ್ಬೀಲಿ ಹೋಗಿ ಕ್ಯಾನ್ಸರು ಅಂತ ಡಂಗುರ ಹೊಡ್ಸಾನಾ? ಗಂಡಿನ ಕಡೆಯೋರು ಬರೋ ಹೊತ್ನಾಗೆ?" ತುಮಕೂರಲ್ಲೇ ಹಾಕಿಸುತ್ತೇನೆ ಎಂದರೆ ಅಕ್ಕನೇ ಒಪ್ಪಲಿಲ್ಲ. ಅಲ್ಲಿನ ಸಾಲಿನಲ್ಲಿ ಗುಬ್ಬಿಯವರು ಯಾರಾದರೂ ನಿಂತಿದ್ದರೆ ಎಂದು ಅವಳ ಹೆದರಿಕೆ. ಬೆಂಗಳೂರಿನ ಅಷ್ಟು ದೊಡ್ಡ ಆಸ್ಪತ್ರೆಯ ಕಾರಿಡಾರಿನಲ್ಲೂ ಸೆರಗು ಮುಖಕ್ಕೆಳೆದುಕೊಂಡು ಕೂರುತ್ತಿದ್ದವಳು ಅವಳು.

ಏಪ್ರಿಲ್‌ನಲ್ಲಿ ನಲವತ್ತೈದು ದಾಟಿದವರಿಗೆಲ್ಲ ಕೊಡುತ್ತಾರೆಂದಾಯಿತು. ನನಗೆ ಜೀವ ಬಂತು. ಕಾಯಿಲೆಯ ಹೆಸರು ಹೇಳುವ ಹಂಗಿಲ್ಲ, ಹತ್ತರಲ್ಲಿ ಹನ್ನೊಂದಾಗಿ ಹೋಗಿ ಬಲಗೈ ಚಾಚಿ ಬಂದರಾಯಿತು. ಆದರೆ ಅಷ್ಟರಲ್ಲಿ ಲಸಿಕೆಯೇ ಸಿಗುವುದು ಕಷ್ಟವಾಗಿತ್ತು. ಮಠದ ಸಮುದಾಯ ಭವನದಲ್ಲಿ ಒಂದು ದಿನ ಕ್ಯಾಂಪು ಎಂದು ಗೊತ್ತಾಯಿತು. ಟೋಕನ್ ಇದ್ದವರಿಗೆ ಮಾತ್ರ. ಟೋಕನ್ ಹಂಚುವುದು ಯಾರು? ನಮ್ಮ ಚನ್ನವೀರಯ್ಯ. ಕಾಯಿ ಹಾಕುವ ರೈತರಿಗೆ, ಕಮಿಟಿಯವರಿಗೆ, ಅವರ ಮನೆಯವರಿಗೆ, ಚೀಟಿಗಳು ಹಾರಿಹೋದವು. ನಾನು ಫೋನಿನಲ್ಲಿ ಬಾಯಿ ಒಣಗುವಷ್ಟು ಜಗಳವಾಡಿದ ಮೇಲೆ, "ಒಂದು ಎತ್ತಿಟ್ಟಿವ್ನಿ ಬುಡಮ್ಮ, ಜೇಬಲ್ಲೇ ಐತೆ, ನಿಮ್ಮಕ್ಕಂಗೇ" ಎಂದ. ಅದೇ ಕೊನೆಯದು.

ಕ್ಯಾಂಪಿನ ಹಿಂದಿನ ದಿನವೇ ಮಾಲಿನಿಗೆ ಹೂ ಮುಡಿಸುವ ಶಾಸ್ತ್ರ. ಗಂಡು ಕಿರಣ್‌ಕುಮಾರ್ ಕುಣಿಗಲ್‌ನ ಒಂದು ಖಾಸಗಿ ಶಾಲೆಯಲ್ಲಿ ಮೇಷ್ಟ್ರು. ಅಮೃತೂರು ಕಡೆಯವರು, ತೋಟವಿದೆ. ಅಪ್ಪ ಮಹಾಲಿಂಗಯ್ಯ, ತಾಯಿ ಹೊಂಬಾಳಮ್ಮ. ಒಳ್ಳೆಯ ಜನ. ಎಲ್ಲರ ಮಾಸ್ಕೂ ಗದ್ದಕ್ಕೆ ಇಳಿದಿತ್ತು, ನಗು, ಹೋಳಿಗೆ, ಫೋಟೋ. ಅಕ್ಕ ಗಂಡ ಸತ್ತವಳೆಂದು ಶಾಸ್ತ್ರದ ಹತ್ತಿರ ಬರದೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅಲ್ಲಿಂದಲೇ ಹೊಂಬಾಳಮ್ಮನಿಗೆ, "ಅಳತೆ ರವಿಕೆ ಕಳಿಸ್ಕೊಡಿ ಬೀಗ್ರೇ, ಮದ್ವೆಗೆ ನಾನೇ ಹೊಲ್ದ್ ಕೊಡ್ತೀನಿ" ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಹಳೇ ಕಳೆ ಬಂದಿತ್ತು.

ಹೊರಡುವ ಹೊತ್ತಿಗೆ ಭಾವನ ಹೆಂಡತಿ ತಾಂಬೂಲ ಕೊಡಲು ಬಂದಳು. ಬ್ಯಾಗಿನಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ರವಿಕೆ ಕಣ. ಅಷ್ಟರಲ್ಲಿ ಮಹಾಲಿಂಗಯ್ಯ ಮಾತಿಗೆ ಮಾತು ಬಂದು, "ನಮ್ ಅಮೃತೂರಲ್ಲಿ ಲಸ್ಕೆಗೆ ಜನ ಬೆಳಗಾಗೋ ಮುಂಚೆನೇ ಬಂದ್ ನಿಂತ್ಕಂತಾರೆ, ಸಿಗ್ದೆ ವಾಪಸ್ ಹೋಯ್ತಾರೆ. ನಾವೇನೋ..." ಎಂದರು. ಅವರ ಮಾತು ಮುಗಿಯಲು ಭಾವ ಬಿಡಬೇಕಲ್ಲ?

"ಛೆ ಛೆ, ನಮ್ಮಲ್ಲಿ ಹಂಗಿಲ್ಲ ಬೀಗ್ರೇ!" ಎಂದ. ಜೇಬಿಗೆ ಕೈಹಾಕಿದ. ಎಲ್ಲರೂ ನೋಡುತ್ತಿದ್ದಾರೆಯೇ ಎಂದು ಒಂದು ಸಲ ಸುತ್ತ ನೋಡಿ, ಟೋಕನ್ ತೆಗೆದು ಹೊಂಬಾಳಮ್ಮನ ತಾಂಬೂಲದ ಬ್ಯಾಗಿಗೆ, ರವಿಕೆ ಕಣದ ಮೇಲೆ ಇಟ್ಟ. "ತಾಯಿ, ಇದೂ ಇರ್ಲಿ. ನಾಳೆ ನಮ್ಮ ಮಠದ ಹಾಲ್‌ನಲ್ಲೇ ಕ್ಯಾಂಪು. ಕಾರ್ ಕಳಿಸ್ತೀನಿ, ಬಂದು ಹಾಕಿಸ್ಕಂಡ್ ಹೋಗಿ. ನಮ್ಮನೆ ಸಂಬಂಧ ಅಂದ್ಮೇಲೆ ನಿಮ್ಮ ಆರೋಗ್ಯ ನಮ್ದು."

ನಾನು ಅಡುಗೆಮನೆಯ ಬಾಗಿಲಲ್ಲಿ ಅಕ್ಕನ ಪಕ್ಕದಲ್ಲೇ ಇದ್ದೆ. "ಭಾವಾರೇ, ಅದು..." ಎಂದು ಬಾಯಿ ತೆರೆದಿದ್ದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಊದಿದ ಎಡಗೈಯಲ್ಲೇ ಹಿಡಿದಳು. ಅದರಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ. "ತಾಂಬೂಲಕ್ಕೆ ಹಾಕಿದ್ನ ವಾಪಸ್ ಕೇಳ್ತಾರೇನೇ?" ಎಂದು ಹಲ್ಲುಕಚ್ಚಿ ಪಿಸುಗುಟ್ಟಿದಳು. ನಿಜ, ನಮ್ಮಲ್ಲಿ ತಾಂಬೂಲಕ್ಕೆ ಇಟ್ಟದ್ದನ್ನು ಕೊಟ್ಟವರು ಹಿಂದಕ್ಕೆ ತೆಗೆಯುವುದಿಲ್ಲ, ಪಡೆದವರು ಬೇಡ ಅನ್ನುವುದಿಲ್ಲ. ಹೆಣ್ಣಿನ ಶಾಸ್ತ್ರದ ದಿನವಂತೂ ಅದಕ್ಕಿಂತ ದೊಡ್ಡ ಅಪಶಕುನ ಇನ್ನೊಂದಿಲ್ಲ. ಜೊತೆಗೆ, ಯಾಕೆ ವಾಪಸ್ ಬೇಕು ಎಂದು ಅವರು ಕೇಳಿದರೆ ಏನು ಹೇಳುವುದು? ಹೊಂಬಾಳಮ್ಮ ಬ್ಯಾಗನ್ನು ಕಣ್ಣಿಗೊತ್ತಿಕೊಂಡು ಕಾರು ಹತ್ತಿದರು.

ಅವರು ಹೋದ ಮೇಲೆ ನಾನು ಭಾವನ ಮೇಲೆ ಹರಿಹಾಯ್ದೆ. ಅವನು ಶಲ್ಯ ಮಡಿಸುತ್ತಾ, "ಇನ್ನೊಂದ್ ಕ್ಯಾಂಪ್ ಬತ್ತದೆ ಬುಡು. ಮನೇಲೇ ಇರೋಳ್ಗೆ ಏನಾಗ್ತದೆ?" ಎಂದ. ಅಕ್ಕ ಪಾತ್ರೆ ತೊಳೆಯುತ್ತಾ, "ಅವ್ರು ಒಪ್ಕಂಡ್ರಲ್ಲ, ಅಷ್ಟು ಸಾಕು ಕಣೇ" ಎಂದಳು. ಮಾರನೆಯ ದಿನ ಕ್ಯಾಂಪು ನಡೆಯಿತು. ಹೊಂಬಾಳಮ್ಮ ಬರಲಿಲ್ಲ. 'ನಮ್ಮ ಬೀದಿ, ಸುರಕ್ಷಿತ ಬೀದಿ' ಎಂದು ಬರೆದ ಬ್ಯಾನರಿನ ಕೆಳಗೆ ಭಾವ ನಿಂತಿದ್ದ ಫೋಟೋ ಮಾತ್ರ ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬಂತು.

ನಾನು ಬಿಡಲಿಲ್ಲ. ಅಕ್ಕನನ್ನು ತುಮಕೂರಿಗೆ ಕರೆತಂದು ಕೇಂದ್ರದಿಂದ ಕೇಂದ್ರಕ್ಕೆ ಅಲೆದೆ. ಒಂದು ಕಡೆ 'ಲಸಿಕೆ ಇಲ್ಲ' ಎಂದು ರಟ್ಟಿನ ಬೋರ್ಡು, ಇನ್ನೊಂದು ಕಡೆ ಎರಡನೇ ಡೋಸಿನವರಿಗೆ ಮಾತ್ರ, ಮತ್ತೊಂದು ಕಡೆ ನಮ್ಮ ಮುಂದಿನವರಿಗೇ ಖಾಲಿ. ಬಿಸಿಲಿನಲ್ಲಿ ಫುಟ್‌ಪಾತಿನ ಮೇಲೆ ಕೂತು ಅಕ್ಕ ನೀರು ಕುಡಿದಳು. ಸಾಲಿನಲ್ಲಿ ಒಂದು ಹೆಂಗಸು, "ಕ್ಯಾನ್ಸರ್ ಪೇಷಂಟ್ ಐತೆ, ಮುಂದೆ ಬಿಡಿ" ಎಂದು ಗಂಡನಿಗಾಗಿ ಕೂಗಾಡಿ ಒಳಗೆ ಹೋದಳು. ನಾನು ಅಕ್ಕನ ಮುಖ ನೋಡಿದೆ. ಅವಳು ತಲೆ ಅಲ್ಲಾಡಿಸಿ ಬೇಡವೆಂದಳು. ಆಮೇಲೆ ಲಾಕ್‌ಡೌನ್ ಆಯಿತು, ಅವಳು ಗುಬ್ಬಿಗೆ ಹೋದಳು. ಮದುವೆಗೆ ಮಾಲಿನಿಯ ರವಿಕೆಗಳನ್ನೆಲ್ಲ ಮುಗಿಸಬೇಕಂತೆ.

ಮೇ ತಿಂಗಳಲ್ಲಿ ಭಾವನಿಗೇ ಮೊದಲು ಜ್ವರ ಬಂತು. ಲಸಿಕೆ ಹಾಕಿಸಿಕೊಂಡಿದ್ದ, ಎರಡು ದಿನ ಕೆಮ್ಮಿ ಎದ್ದು ಕೂತ. ಅವನಿಗೆ ಗಂಜಿ ಕಾಯಿಸಿಕೊಟ್ಟವಳು ನಮ್ಮಕ್ಕ. ಅವಳಿಗೆ ಬಂದ ಜ್ವರ ಇಳಿಯಲಿಲ್ಲ. ತುಮಕೂರಿನಲ್ಲಿ ಬೆಡ್ಡಿಗಾಗಿ ನಾನು ಕಾಲಿಗೆ ಬೀಳದ ಜನವಿಲ್ಲ. ಕೊನೆಗೆ ಸಿಕ್ಕಿತು. ಒಳಗೆ ಹೋಗುವ ಮುಂಚೆ ಸ್ಟ್ರೆಚರಿನ ಮೇಲಿಂದ, ಉಸಿರಿಗೊಂದು ಪದದಂತೆ ಕೇಳಿದಳು: "ಡಾಕ್ಟ್ರಿಗೆ... ಕ್ಯಾನ್ಸರ್ ಅಂತ... ಹೇಳ್ದಾ?"

"ಹೇಳ್ದೆ ಕಣಕ್ಕ."

"ಮೆಲ್ಲುಗೆ ಹೇಳ್ದಾ?"

ಅವಳು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು. ವಾರದೊಳಗೆ ಹೋದಳು. ಆಸ್ಪತ್ರೆಯವರು ಅವಳ ಓಲೆ ಮತ್ತು ಕೊರಳ ಇಷ್ಟಲಿಂಗವನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡುತ್ತಾರೆ. ಅಕ್ಕನನ್ನು ಬಿಳಿ ಚೀಲದಲ್ಲಿ ಸುತ್ತಿ ಹಗ್ಗದಲ್ಲಿ ಮಲಗಿಸಿಯೇ ಇಳಿಸಿದರು. ಲಿಂಗವನ್ನು ನಾನು ಮೇಲಿನಿಂದ ಗುಂಡಿಗೆ ಹಾಕಿದೆ. ಎಲ್ಲಿ ಬಿತ್ತೋ ಕಾಣಲಿಲ್ಲ.

ದುಃಖ ಕೇಳಲು ಬಂದವರಿಗೆಲ್ಲ ಭಾವ ಜಗಲಿಯ ಮೇಲೆ ಕೂತು ಹೇಳುತ್ತಿದ್ದ: "ಲಸ್ಕೆ ಹಾಕಿಸ್ಕಳಮ್ಮ ಅಂತ ಬಡ್ಕಂಡೆ. ಟೋಕನ್ನೂ ಎತ್ತಿಟ್ಟಿದ್ದೆ. ಏನ್ ಮಾಡಾದು, ಅವ್ಳಿಗೆ ಇಂಜೆಕ್ಷನ್ ಅಂದ್ರೆ ಭಯ." ಕೀಮೋ ಹಾಕಿ ಹಾಕಿ ನರ ಸಿಗದೆ ಕೈಯೆಲ್ಲ ಕಪ್ಪಾಗಿ ಹೋಗಿದ್ದರೂ ಒಂದು ಸಲ 'ಅಬ್ಬಾ' ಅನ್ನದವಳ ಬಗ್ಗೆ ಈ ಮಾತು! ನನಗೆ ಅವನ ಬಾಯಿಗೆ ಅದೇ ಶಲ್ಯ ತುರುಕಬೇಕು ಅನ್ನಿಸಿತು. ಮಾಲಿನಿ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಎದ್ದು ಅವಳ ಹತ್ತಿರ ಹೋದೆ.

ನಮ್ಮಲ್ಲಿ ಸೂತಕವಿಲ್ಲ. ಶ್ರಾವಣದಲ್ಲಿ ಮದುವೆ ಮುಗಿಯಿತು. ದೀಪಾವಳಿ ಕಳೆದ ಮೇಲೆ, ಕುಣಿಗಲ್‌ನಲ್ಲಿ ಖಾಸಗಿ ಬಸ್ಸು ಹಿಡಿದು, ಮಾಲಿನಿಯನ್ನು ನೋಡಲು ಅಮೃತೂರಿಗೆ ಹೋದೆ. ಹೊಂಬಾಳಮ್ಮ ಅಕ್ಕರೆಯಿಂದ ಕೂರಿಸಿದರು. ಸೊಸೆಯನ್ನು ಬಾಯ್ತುಂಬ ಹೊಗಳಿದರು. ಆಮೇಲೆ ಏನೋ ನೆನಪಾದಂತೆ ಎದ್ದು ಬೀರುವಿನಿಂದ ಆ ತಾಂಬೂಲದ ಬ್ಯಾಗು ತಂದರು.

"ನಿಮ್ಮಕ್ಕ ಹೊಲ್ದ್ ಕೊಡ್ತೀನಿ ಅಂದಿದ್ರು ಪಾಪ. ಬೇರೆ ಯಾರ್ಗೂ ಕೊಡಾಕೆ ಮನ್ಸು ಬರ್ಲಿಲ್ಲ. ನೀವೇ ಹೊಲಿಸ್ಕೊಡಿ" ಎಂದು ಹಸಿರು ಕಣವನ್ನು ಬಿಡಿಸಿದರು. ಅದರ ಮಡಿಕೆಯಿಂದ ಟೋಕನ್ ಜಾರಿ ನೆಲಕ್ಕೆ ಬಿತ್ತು. ಮಠದ ಹಾಲಿನ ಸೀಲು ಇನ್ನೂ ನೀಲಿಯಾಗಿಯೇ ಇತ್ತು.

"ಅಯ್ಯೋ, ಇದು ಇಲ್ಲೇ ಉಳ್ಕಂಡದೆ ನೋಡಿ" ಎಂದು ಹೊಂಬಾಳಮ್ಮ ನಕ್ಕರು. "ನಿಮ್ ಭಾವಾರು ಕೊಟ್ಟಿದ್ದು. ನಂಗೂ ನಮ್ ಯಜಮಾನ್ರಿಗೂ ಅಷ್ಟೊತ್ಗಾಗ್ಲೇ ಇಲ್ಲೇ ಒಂದ್ ಡೋಸ್ ಹಾಕ್ಬುಟ್ಟಿದ್ರು. ಇವ್ರು ಹೇಳಾಕ್ ಹೋದ್ರು, ಅವ್ರು ಕೇಳ್ಲಿಲ್ಲ. ತಾಂಬೂಲ್ದಲ್ಲಿ ಇಟ್ಟಿದ್ನ ಬ್ಯಾಡ ಅನ್ನಾಕಾಯ್ತದಾ? ಸುಮ್ನೆ ದಂಡ ಆಯ್ತು." ಚೀಟಿಯನ್ನು ಎತ್ತಿಕೊಂಡು ಕೇಳಿದರು, "ಅಲ್ಲಾ ಕಣಮ್ಮ, ನಿಮ್ಮಕ್ಕ ಗಟ್ಟಿಮುಟ್ಟಾಗಿ ಇದ್ರಲ್ಲ. ಮಠದ ಹಾಲ್‌ನಲ್ಲೇ ಹಾಕ್ತಿರ್ಬೇಕಾದ್ರೆ ಯಾಕ್ ಹಾಕಿಸ್ಕಳ್ಳಿಲ್ಲ?"

ಎಷ್ಟೋ ತಿಂಗಳಿಂದ ನುಂಗಿಕೊಂಡಿದ್ದ ಮಾತೆಲ್ಲ ನಾಲಿಗೆಯ ತುದಿಗೆ ಬಂತು. ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಮಾಲಿನಿ ನಿಂತಿದ್ದಳು. ಅವಳಮ್ಮ ಅವತ್ತು ನಿಂತಿದ್ದ ಹಾಗೆಯೇ. ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು.

"ಅವ್ಳಿಗೆ ಇಂಜೆಕ್ಷನ್ ಅಂದ್ರೆ ಭಯ ಕಣಮ್ಮ" ಎಂದೆ.

"ಅಯ್ಯೋ ಶಿವನೇ! ಅಷ್ಟಕ್ಕೇ ಜೀವ ಕಳ್ಕಂಡ್ರಾ?" ಹೊಂಬಾಳಮ್ಮ ಲೊಚಗುಟ್ಟಿದರು. "ಪೇಟೇಲಿರೋರು, ನೀವಾದ್ರೂ ಬುದ್ಧಿ ಹೇಳ್ಬಾರ್ದಿತ್ತಾ?"

"ಹೇಳ್ದೆ. ಕೇಳ್ಲಿಲ್ಲ."

ಅವರು ಟೋಕನ್ನನ್ನು ಮುದ್ದೆ ಮಾಡಿ ಕಿಟಕಿಯಾಚೆ ಎಸೆದರು. ನಾನು ಕಾಫಿ ಕುಡಿದು, ಕಣವನ್ನೂ ಅವರು ಕೊಟ್ಟ ಅಳತೆ ರವಿಕೆಯನ್ನೂ ಚೀಲಕ್ಕೆ ಹಾಕಿಕೊಂಡು ಎದ್ದೆ.

ಬಸ್‌ಸ್ಟಾಪಿನವರೆಗೆ ಮಾಲಿನಿ ಬಂದಳು. "ಥ್ಯಾಂಕ್ಸ್ ಚಿಕ್ಕಮ್ಮ" ಎಂದಳು. ಅದಕ್ಕಿಂತ ಅವಳು ನನ್ನ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಮಾತು ತಿರುಗಿಸಿದೆ. "ವರ್ಷಕ್ಕೊಂದ್ ಸಲ ನೀನೂ ಬಂದು ತೋರಿಸ್ಕಂಡು ಹೋಗ್ಬೇಕು ಅಂತ ಡಾಕ್ಟರಮ್ಮ ಹೇಳಿದ್ರಲ್ಲ, ಗ್ಯಾಪ್ಕ ಇದ್ಯಾ? ತಾಯಿಗೆ ಬಂದವ್ರು ಹುಷಾರಾಗಿರ್ಬೇಕು ಅಂತ?"

"ಇದೆ" ಎಂದಳು. ತಲೆ ತಗ್ಗಿಸಿ ಸೆರಗಿನ ತುದಿ ಸುರುಳಿ ಸುತ್ತುತ್ತಾ, "ಅತ್ತೆಗೆ ಏನಂತ ಹೇಳಿ ಬರ್ಲಿ ಚಿಕ್ಕಮ್ಮ?" ಎಂದು ಕೇಳಿದಳು.

ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಾನು ಹೇಳಿದೆ: "ಸುಮನಾ ಚಿಕ್ಕಮ್ಮನ ಅಂಗ್ಡೀಲಿ ಸೀಸನ್ನು, ಕೈ ಸಾಲ್ತಿಲ್ಲ ಅಂತ ಹೇಳಿ ಬಾ."